ಸಾನ್ ಬ್ರೂನೋ ಬಿದ್ದಿಲ್ಲ

ನಮ್ಮ ಊರು ಶತ್ರುಗಳ ವಶವಾಗಿದೆ ಎಂದು ನಮಗೆ ಗೊತ್ತಾದದ್ದು ರೇಡಿಯೋದಿಂದ. ೧೯೫೪ರ ಜೂನ್ ಇಪ್ಪತ್ತನಾಲ್ಕು, ಸಂತ ಜುವಾನನ ಹಬ್ಬದ ಬೆಳಗ್ಗೆ ಎಂಟೂವರೆಗೆ.

"ಸಾನ್ ಬ್ರೂನೋ ನಿನ್ನೆ ಸಂಜೆ ವಿಮೋಚನಾ ಸೇನೆಯ ಕೈಸೇರಿದೆ. ಬೀದಿಗಳಲ್ಲಿ ಹೆಣಗಳು ಬಿದ್ದಿವೆ."

ಬೀದಿಯಲ್ಲಿ ಬಿದ್ದಿದ್ದದ್ದು ಹಬ್ಬಕ್ಕೆಂದು ಹರಡಿದ ಪೈನ್ ಎಲೆ ಮಾತ್ರ. ಜೋಳದ ಹಿಟ್ಟಿನ ಕಡುಬು, ತಮಾಲೆ, ಬೇಯಿಸುತ್ತಿದ್ದ ಹೆಂಗಸು ಊದುಗೊಳವೆ ಕೆಳಗಿಟ್ಟು ನನ್ನ ಕಡೆ ತಿರುಗಿದಳು.

"ನೋಡಿ ಮೇಷ್ಟ್ರೇ, ನಾನು ಸತ್ತಿದೀನಂತೆ. ಹಂಗಾದ್ರೆ ಈ ಒಲೆ ಊದ್ತಿರೋಳು ಯಾರು?"

ಚೌಕದಲ್ಲಿದ್ದವರೆಲ್ಲ ನಕ್ಕರು. ನಾನು ನಗಲಿಲ್ಲ. ರಾಜಧಾನಿಯಲ್ಲಿ ಕಾನೂನು ಓದಿ, ವಕೀಲನಾಗದೆ ಹಿಂದಿರುಗಿ ಊರ ಶಾಲೆಗೆ ಮೇಷ್ಟ್ರಾದವನು ನಾನು. ಜನ ಆಡುವ ಮಾತಿಗಿಂತ ಅವರು ಮಾತು ನಿಲ್ಲಿಸುವ ಜಾಗಗಳನ್ನು ಗಮನಿಸುವುದು ನನ್ನ ಚಟ. ಶತ್ರುಗಳ ಈ ರೇಡಿಯೋ ಗಡಿಯ ಕಾಡಿನೊಳಗಿಂದ ಮಾತಾಡುತ್ತಿದ್ದೇನೆ ಅನ್ನುತ್ತಿತ್ತು. ಆ ಕಾಡಿನಲ್ಲಿ ಇಷ್ಟು ದಿನವೂ ಒಂದು ಹಕ್ಕಿ ಕೂಗಿದ್ದು ನಾನು ಕೇಳಿರಲಿಲ್ಲ.

ಅಮೆರಿಕದ ಬಾಳೆಹಣ್ಣಿನ ಕಂಪನಿ ಬೀಳು ಬಿಟ್ಟಿದ್ದ ಭೂಮಿಯನ್ನು ನಮ್ಮ ಸರ್ಕಾರ ರೈತರಿಗೆ ಹಂಚಿದ ಮೇಲೆ ಅಮೆರಿಕದವರು ಹಲ್ಲು ಕಡಿಯುತ್ತಿದ್ದರು. ಈಗ ವಿಮಾನ ಅವರದು, ಬಂದೂಕು ಅವರದು. ವಿಮೋಚನಾ ಸೇನೆ ಎಂದುಕೊಂಡು ಮುಂದೆ ನಡೆಯುವವರು ಮಾತ್ರ ನಮ್ಮವರೇ ಒಂದಷ್ಟು ಜನ. ಗಡಿ ದಾಟಿ ಆರು ದಿನವಾಗಿತ್ತು. ನಮ್ಮ ಊರಿಗೆ ಅವರಲ್ಲಿ ಒಬ್ಬನೂ ಬಂದಿರಲಿಲ್ಲ.

ಇಗರ್ಜಿಯ ಕಟ್ಟೆಯ ಮೇಲೆ ದೊನ್ ನಿಕಾನೋರ್ ತನ್ನ ಮರಿಂಬಾಕ್ಕೆ ಹೊಸ ಪಟ್ಟಿ ಕಟ್ಟುತ್ತಿದ್ದ. ಮಂಚದಷ್ಟು ಉದ್ದದ ವಾದ್ಯ ಅದು. ಸ್ವರಕ್ಕೊಂದರಂತೆ ಸಾಲಾಗಿ ಕಟ್ಟಿದ ಮರದ ಪಟ್ಟಿಗಳನ್ನು ನಾಲ್ಕು ಜನ ಕೋಲಿನಿಂದ ಬಾರಿಸಬೇಕು. ಎರಡು ವರ್ಷದ ಹಿಂದೆ ಟಿಬುರ್ಸಿಯೋ ಎಂಬ ವಾದಕ ಅವನೊಂದಿಗೆ ಜಗಳವಾಡಿ, ಒಂದು ಪಟ್ಟಿಯನ್ನೇ ಕಿತ್ತುಕೊಂಡು ಸರ್ಕಾರದ ಸೇನೆಗೆ ಸೇರಿಬಿಟ್ಟಿದ್ದ. ಅಂದಿನಿಂದ ಹಾಡು ಆ ಸ್ವರಕ್ಕೆ ಬಂದಾಗಲೆಲ್ಲ ಖಾಲಿ. ಸುಮ್ಮನಿರಲಾರದ ನಮ್ಮ ಜನ ಆ ಖಾಲಿಯಲ್ಲಿ ಒಟ್ಟಿಗೆ ಕಾಲು ಅಪ್ಪಳಿಸುವುದನ್ನು ರೂಢಿ ಮಾಡಿಕೊಂಡಿದ್ದರು.

"ಇವತ್ತಿಂದ ನಿಮ್ಮ ಕಾಲಿಗೆ ಕೆಲಸ ಇಲ್ಲ," ಎಂದು ದೊನ್ ನಿಕಾನೋರ್ ಗಂಟು ಬಿಗಿದ. "ಈ ಮರ ಸಿಗೋಕೆ ಎರಡು ವರ್ಷ ಬೇಕಾಯ್ತು!"

ಅಷ್ಟರಲ್ಲಿ ದೂರವಾಣಿ ಕಚೇರಿಯಿಂದ ದೊನ್ಯಾ ಎಫ್ರಾಸಿಯಾ ಓಡಿಬಂದಳು. ಇಪ್ಪತ್ತು ವರ್ಷದಿಂದ ಊರಿನ ಒಂದೇ ಫೋನನ್ನು ನೋಡಿಕೊಳ್ಳುತ್ತಿದ್ದ ಆ ದಪ್ಪ ಹೆಂಗಸು ಓಡಿದ್ದನ್ನು ಯಾರೂ ಕಂಡಿರಲಿಲ್ಲ.

"ಮೇಷ್ಟ್ರೇ! ಅವರು ನಂಬಿಬಿಟ್ಟಿದಾರೆ!"

"ಯಾರು?"

"ನಮ್ಮೋರೇ! ಗುಡ್ಡದ ಮೇಲಿರೋ ನಮ್ಮ ಸೇನೆ ಕ್ಯಾಪ್ಟನ್ನು! ನಾವು ಬಿದ್ದುಹೋದ್ವಂತೆ. ಶತ್ರು ದಾಟಬಾರದು ಅಂತ ಹತ್ತು ಗಂಟೆಗೆ ತೋಪು ಹಾರಿಸಿ ಸೇತುವೆ ಒಡೀತಾರಂತೆ!"

ಸೇತುವೆಗೆ ಅಂಟಿಕೊಂಡ ಮನೆಯಲ್ಲಿ, ಸೊಂಟ ಮುರಿದುಕೊಂಡು ಮಲಗಿದ್ದವಳು ನನ್ನ ತಾಯಿ. ಅಲ್ಲಿಂದ ಚೌಕದವರೆಗೂ ಹಬ್ಬದ ಸಂತೆ, ಮುನ್ನೂರು ಜನ. ಹಳೆಯ ತೋಪುಗಳು, ಸೇತುವೆಗೆ ಗುರಿಯಿಟ್ಟರೆ ಇಗರ್ಜಿಗೂ ಬಿದ್ದೀತು. ಓಡೋಣವೆಂದರೆ ರಸ್ತೆಯಲ್ಲಿ ಕಂಡವರ ಮೇಲೆ ವಿಮಾನಗಳು ಗುಂಡು ಸುರಿಸುತ್ತಿದ್ದವು. ಎಫ್ರಾಸಿಯಾಳ ಜೊತೆ ಕಚೇರಿಗೆ ಓಡಿದೆ. ಗೋಡೆಯ ಗಡಿಯಾರದಲ್ಲಿ ಒಂಬತ್ತು ಗಂಟೆ ಹತ್ತು ನಿಮಿಷ.

ಫೋನಿನಲ್ಲಿ ಕ್ಯಾಪ್ಟನ್ ಮೆತ್ತಗೆ ಹೇಳುತ್ತಿದ್ದ. "ನಿಮ್ಮ ಬೆನ್ನಿಗೆ ಬಂದೂಕು ಹಿಡಿದಿದಾರೆ ಅಂತ ಗೊತ್ತು ತಾಯಿ. ದಯವಿಟ್ಟು ಕ್ಷಮಿಸಿ."

"ನನ್ನ ಬೆನ್ನಿಗಿರೋದು ಕುರ್ಚಿ ಕಣಪ್ಪಾ!" ಎಂದು ಎಫ್ರಾಸಿಯಾ ಕಿರುಚಿದಳು.

ನಾನು ಫೋನ್ ಕಿತ್ತುಕೊಂಡೆ. ನಮ್ಮೂರಿನವರು ಯಾರಾದರೂ ಅಲ್ಲಿದ್ದಾರೆಯೇ ಎಂದೆ. ಸ್ವಲ್ಪ ಹೊತ್ತಿನ ಮೇಲೆ ಇನ್ನೊಂದು ದನಿ ಬಂತು. ಟಿಬುರ್ಸಿಯೋ!

"ಊರು ಹಾಗೇ ಇದೆ ಕಣೋ, ನನ್ನ ಮಾತು ನಂಬು," ಎಂದೆ.

"ನಿಮ್ಮನ್ನ ನಂಬ್ತೀನಿ ಮೇಷ್ಟ್ರೇ. ನಿಮ್ಮ ತಲೆಗಿಟ್ಟಿರೋ ಪಿಸ್ತೂಲನ್ನ ಹೆಂಗೆ ನಂಬಲಿ?" ತೋಪಿನ ಹಿಂದೆ ನಿಲ್ಲಬೇಕಾದವನು ಅವನೇ. ಹೊರಗೆ ಯಾರೋ ಹೊಸ ಪಟ್ಟಿಯ ಮೇಲೆ ಕೋಲು ತಟ್ಟಿದರು. "ಅದೇನು ಸದ್ದು?"

"ನಿಕಾನೋರ್ ಮರಿಂಬಾ."

ಅತ್ತ ಅವನು ಕ್ಯಾಪ್ಟನ್ ಜೊತೆ ಏನೋ ಮಾತಾಡಿದ್ದು ಕೇಳಿಸಿತು. ಆಮೇಲೆ, "ಹತ್ರ ತರಿಸಿ. ಅದನ್ನ ನಾನು ಎಲ್ಲಿದ್ರೂ ಗುರುತು ಹಿಡೀತೀನಿ. ಕ್ಯಾಪ್ಟನ್ ಒಪ್ಪಿದಾರೆ."

ನಾನು ಬಾಗಿಲಿಗೆ ಓಡಿ ಕೂಗಿದೆ. ಇಡೀ ಚೌಕ ಎದ್ದಿತು. ಎಂಟು ಜನ ಮರಿಂಬಾ ಹೊತ್ತು ಓಡಿದರು. ಒಬ್ಬನ ಟೋಪಿ ಹಾರಿತು, ತಮಾಲೆಯ ಪಾತ್ರೆ ಉರುಳಿತು, ಕೋಳಿಗಳು ಚೆಲ್ಲಾಪಿಲ್ಲಿಯಾದವು. ಬಾಗಿಲು ಚಿಕ್ಕದಾಗಿ ವಾದ್ಯ ಒಳಗೆ ಹಿಡಿಸಲಿಲ್ಲ. ಹೊಸ್ತಿಲಲ್ಲೇ ಇಟ್ಟರು. ಎಫ್ರಾಸಿಯಾ ಫೋನಿನ ತಂತಿ ಎಳೆದು ಹಿಡಿದಳು. ನಾಲ್ವರು ಬಾರಿಸಿದರು. ಅಷ್ಟು ಚೆನ್ನಾಗಿ ಅವರು ಎಂದೂ ಬಾರಿಸಿರಲಿಲ್ಲ.

ಹಾಡು ಮುಗಿಯಿತು.

"ಇದು ನಮ್ಮೂರ ಮರಿಂಬಾ ಅಲ್ಲ," ಎಂದ ಟಿಬುರ್ಸಿಯೋ. "ಎಲ್ಲಿಂದಲೋ ತಂದಿದಾರೆ. ಮೇಷ್ಟ್ರೇ, ನಿಮ್ಮ ತಾಯೀನ ದೂರ ಸಾಗಿಸಿ."

ಒಂಬತ್ತೂ ನಲವತ್ತು. ಜನರೆಲ್ಲ ನನ್ನ ಮುಖ ನೋಡುತ್ತಿದ್ದರು. ಆ ಮೌನದಲ್ಲಿ ನನಗೆ ಹೊಳೆಯಿತು. ಹಾಡು ತುಂಬಿಕೊಂಡಿತ್ತು! ಎಲ್ಲೂ ಬಿಡುವಿರಲಿಲ್ಲ, ಆ ರೇಡಿಯೋದ ಮಾತಿನ ಹಾಗೆ.

"ದೊನ್ ನಿಕಾನೋರ್, ಪಟ್ಟಿ ಬಿಚ್ಚಿ!"

"ಯಾವ ಪಟ್ಟಿ?"

"ಹೊಸದು! ಅವನು ಕಿತ್ಕೊಂಡು ಹೋದ ಜಾಗದ್ದು!"

ಮುದುಕ ಎರಡೂ ಕೈಯಿಂದ ಪಟ್ಟಿಯನ್ನು ಮುಚ್ಚಿಕೊಂಡ. "ಆ ಕಳ್ಳನಿಗೋಸ್ಕರಾನಾ? ಎರಡು ವರ್ಷ ಹಲ್ಲುದುರಿದ ಬಾಯಿ ಥರ ಇಟ್ಕೊಂಡು ಊರೂರು ಅಲೆದೆ. ಅವನ ಕಿವಿಗೆ ಅದನ್ನೇ ಕೇಳಿಸ್ಬೇಕಾ?"

"ಅದನ್ನೇ ಕೇಳಿಸ್ಬೇಕು."

"ಬಿಚ್ಚೋ ಮುದಿಯಾ!" ಎಂದಳು ಎಫ್ರಾಸಿಯಾ. "ಊರೇ ಹೋದ್ಮೇಲೆ ಯಾರಿಗೆ ಬಾರಿಸ್ತೀಯ, ಬೆಕ್ಕಿಗಾ?"

ಅವನು ನನ್ನ ಕಡೆ ನೋಡಿದ. ಆಮೇಲೆ ಸೇತುವೆಯ ಕಡೆ. ಗಂಟು ಬಿಗಿಯಾಗಿತ್ತು. ಹಲ್ಲಿನಿಂದ ಕಚ್ಚಿ ದಾರ ಹರಿದ. ಪಟ್ಟಿಯನ್ನು ಅಂಗಿಯೊಳಗೆ ಎದೆಗಾನಿಸಿ ಇಟ್ಟುಕೊಂಡು ಕೋಲು ಎತ್ತಿದ.

ನಾನು ಫೋನನ್ನು ಕಿವಿಗೆ ಒತ್ತಿ ಹಿಡಿದಿದ್ದೆ. ಹಾಡು ಹೊರಟಿತು, ಏರಿತು, ಆ ಜಾಗಕ್ಕೆ ಬಂತು.

ಖಾಲಿ.

ಮುನ್ನೂರು ಕಾಲು ಒಟ್ಟಿಗೆ ನೆಲಕ್ಕೆ ಬಿದ್ದವು. ಗೋಡೆ ಅದುರಿತು. ನೆಲ ಅದುರಿತು. ನಮಗೆ ಯಾರೂ ಹೇಳಿಕೊಟ್ಟಿರಲಿಲ್ಲ. ಬಂದೂಕಿನ ಮುಂದೆ ನಿಂತ ಯಾವ ಊರೂ ಹಾಗೆ ಕಾಲು ಅಪ್ಪಳಿಸಲಾರದು. ಹಾಡು ಮತ್ತೆ ಸುತ್ತಿ ಬಂದು ಅದೇ ಜಾಗದಲ್ಲಿ ನಿಂತಾಗ, ಕಾಲಿನ ಸದ್ದಿನ ನಡುವೆ, ನನ್ನ ಕಿವಿಯಲ್ಲಿ ಸಣ್ಣದೊಂದು ಶಿಳ್ಳೆ ಕೇಳಿಸಿತು. ಆ ಕಡೆಯಿಂದ ಟಿಬುರ್ಸಿಯೋ ತಾನು ಕಿತ್ತುಕೊಂಡು ಹೋಗಿದ್ದ ಸ್ವರವನ್ನು ಬಾಯಿಯಿಂದ ತುಂಬುತ್ತಿದ್ದ. ನಗುತ್ತಿದ್ದನೋ ಅಳುತ್ತಿದ್ದನೋ, ಗೊತ್ತಾಗಲಿಲ್ಲ.

"ಕ್ಯಾಪ್ಟನ್! ಇದು ನಮ್ಮೂರೇ! ಊರು ಬಿದ್ದಿಲ್ಲ!"

ಹತ್ತು ಹೊಡೆಯಿತು. ಗುಡ್ಡ ಸುಮ್ಮನಿತ್ತು. ಆಮೇಲೆ ಎಂಥ ಕೂಗು! ಎಫ್ರಾಸಿಯಾ ನನ್ನ ಕೆನ್ನೆ ಹಿಂಡಿದಳು. ದೊನ್ ನಿಕಾನೋರ್‌ನನ್ನು ಭುಜದ ಮೇಲೆ ಹೊತ್ತು ಚೌಕ ಸುತ್ತಿಸಿದರು. ಅವನು ಬೈಯುತ್ತಲೇ ಇದ್ದ. ನಾನು ಸೇತುವೆಯ ತನಕ ಓಡಿದೆ. ಅಮ್ಮ ಮಲಗಿದ್ದಲ್ಲೇ ಒಂದು ಕಾಲನ್ನು ಮಂಚದ ಹಲಗೆಗೆ ಬಡಿಯುತ್ತಿದ್ದಳು.

ಅಂದಿನಿಂದ ರೇಡಿಯೋ ಏನು ಹೇಳಿದರೂ ನಮಗೆ ನಗುವೇ ನಗು. ನಾಲ್ಕನೆಯ ದಿನ ಬೆಳಗ್ಗೆ ಅದು, ಅಧ್ಯಕ್ಷರು ರಾಜೀನಾಮೆ ಕೊಟ್ಟಿದ್ದಾರೆ ಎಂದಿತು.

"ಅವತ್ತು ನನ್ನ ಕೊಂದ್ರು, ಇವತ್ತು ಅಧ್ಯಕ್ಷರನ್ನ ಇಳಿಸಿದ್ರು," ಎಂದಳು ತಮಾಲೆಯವಳು. "ನಾಳೆ ಸಂತ ಜುವಾನನ್ನೇ ಕೊಲ್ತಾರೆ ನೋಡಿ!"

ದೊನ್ ನಿಕಾನೋರ್ ಕೋಲು ಎತ್ತಿದ. ಆ ಪಟ್ಟಿಯನ್ನು ಅವನು ಮತ್ತೆ ಕಟ್ಟಿರಲಿಲ್ಲ. ಹಾಡಿನ ನಡುವೆ ಎಫ್ರಾಸಿಯಾ ಕಚೇರಿಯ ಬಾಗಿಲಿಗೆ ಬಂದು ನಿಂತಳು. ಕೈಸನ್ನೆ ಮಾಡಿ ನನ್ನನ್ನು ಕರೆದಳು. ನಾನು ಒಳಗೆ ಹೋಗಿ ಫೋನ್ ಎತ್ತಿದೆ. ಗುಡ್ಡದ ಮೇಲಿನ ಫೋನಿನ ಗಂಟೆ ಬಾರಿಸುತ್ತಲೇ ಇತ್ತು. ಎತ್ತುವವರು ಯಾರೂ ಇರಲಿಲ್ಲ. ಈ ಸಲ ರೇಡಿಯೋ ಸುಳ್ಳು ಹೇಳಿರಲಿಲ್ಲ.

ನಾನು ಹೊರಗೆ ಬಂದಾಗ ಜನ ನನ್ನ ಮುಖ ನೋಡಿದರು. ಹಾಡು ಆ ಜಾಗಕ್ಕೆ ಬಂತು. ಒಂದು ಕಾಲೂ ನೆಲಕ್ಕೆ ಬೀಳಲಿಲ್ಲ.

ಮನೆಗೆ ಹೋದಾಗ ಅಮ್ಮ ಕೇಳಿದಳು, "ಯಾಕೋ ಮಗನೇ, ಇವತ್ತು ಪಟ್ಟಿ ಕಟ್ಟಿಬಿಟ್ರಾ?"