ಹೊರಸಿನತನಕ ದಾರಿ

"ಅವ್ವನ್ನ ಎತ್ತಬ್ಯಾಡ್ರಿ." ನೀರಿನ ತಂಬಿಗೆ ಹಿಡಿದೇ ಸುವರ್ಣಾ ತಲೆಬಾಗಿಲಿಗೆ ಅಡ್ಡ ನಿಂತಳು. "ಈ ದಾರಿ ಯಾರ್ ಮಾಡ್ಯಾರ, ಮೊದಲ ಅದನ್ನ ಹೇಳ್ರಿ."

ಮಸಗುಪ್ಪಿಯ ಆ ಮನೆಯೊಳಗೆ ಎರಡೂ ಗೋಡೆಗೆ ತೊಲೆಮಟ್ಟ ಸಾಮಾನು ಒಟ್ಟಿತ್ತು: ಗೊಬ್ಬರದ ಖಾಲಿ ಚೀಲ, ಎಣ್ಣೆ ಡಬ್ಬಿ, ಹರಿದ ಕಂಬಳಿ, ಮುಚ್ಚಳವಿಲ್ಲದ ಬಾಟಲಿ. ನಡುವೆ, ಬಾಗಿಲಿನಿಂದ ಅವ್ವ ಸೀತವ್ವ ಸತ್ತು ಮಲಗಿದ್ದ ಹೊರಸಿನತನಕ, ಒಬ್ಬರು ಆರಾಮಾಗಿ ನಡೆಯುವಷ್ಟು ನೆಲ ಖಾಲಿಯಿತ್ತು. ಸಾರಿಸಿದ ನೆಲ. ಹಿಂದೆ ಇಲ್ಲಿ ಅಡ್ಡ ತಿರುಗಿ ನುಸುಳಬೇಕಿತ್ತು.

"ನಾ ಕಲ್ಲೋಳಿಯಿಂದ ಬರೂದರೊಳಗ ಏನೇನ್ ಸಾಗಿಸಿದಿ, ಅಣ್ಣಾ?"

ಬಾಜೂ ಮನೆಯಲ್ಲೇ ವಾಸವಿದ್ದ ಲಕ್ಷ್ಮಣ ಮುಖ ಒರೆಸಿಕೊಂಡ. "ಹರಕ ಚೀಲಾ ಮಾರಿ ಬಂಗಲೆ ಕಟ್ಟಸ್ತೇನೇನು? ನನ್ನೂ ಒಳಗ ಬಿಡ್ತಿರಲಿಲ್ಲ ಆಕಿ."

"ಮತ್ತ ತಲಿದಿಂಬಿನ ಬುಡಕ ಇಣಕಾಕತ್ತಿರೂ ಆ ಗುಳಿಗಿ? ಅವನ್ನ ಕೊಟ್ಟು ಆಕಿನ್ನ ಮಲಗಿಸಿ ಸಾಮಾನ ತಗದಿರಿ."

ಕಟ್ಟೆಯ ಮೇಲಿದ್ದ ಉದ್ದಪ್ಪ ಕಾಕಾ ಕೆಮ್ಮಿದ. "ತಂಗಿ, ಹೊತ್ತು ಏರಾಕತ್ತೈತಿ. ಜಗಳ ಮೂರನೇ ದಿನ ಮಾಡೂಣಂತ. ಬಾಯಿಗೆ ನೀರ ಬಿಡು."

ಮಗಳು ನೀರು ಬಿಡದೆ ಎತ್ತುವಂತಿರಲಿಲ್ಲ. ಸುವರ್ಣಾ ಕದಲಲಿಲ್ಲ.

*

ಮೂರು ವರ್ಷದ ಹಿಂದೆ ಟ್ರ್ಯಾಕ್ಟರಿನ ಟ್ರ್ಯಾಲಿ ತರಿಸಿದವಳು ಅವಳೇ. ಅವ್ವನನ್ನು ಮೂಡಲಗಿಯ ಸಂತೆಗೆ ಕಳಿಸಿ, ಅಣ್ಣ ತಂಗಿ ಸೇರಿ ಮನೆ ಬರಿದು ಮಾಡಿ ಹಳ್ಳದ ದಂಡೆಗೆ ಸುರಿದಿದ್ದರು. ಸಂಜೆ ಬಂದ ಸೀತವ್ವ ಅಳಲಿಲ್ಲ, ಬಯ್ಯಲಿಲ್ಲ. ಹಳ್ಳಕ್ಕೆ ನಡೆದಳು. ಹನ್ನೊಂದು ದಿನ ತಲೆಯ ಮೇಲೆ ಹೊತ್ತು ಅಷ್ಟನ್ನೂ ವಾಪಸು ತಂದಳು. ಜೊತೆಗೆ ಬೇರೆಯವರು ಎಸೆದದ್ದನ್ನೂ. ಅಂದಿನಿಂದ ಸುವರ್ಣಾ ಬಂದಾಗಲೆಲ್ಲ ಒಳಗಿನಿಂದ ಚಿಲಕ ಬೀಳುತ್ತಿತ್ತು.

*

ಆಶಾ ಕಾರ್ಯಕರ್ತೆ ಶಿವಾನಿ ಗುಂಪಿನಿಂದ ಮುಂದೆ ಬಂದು ಆಸ್ಪತ್ರೆಯ ಚೀಟಿ ಚಾಚಿದಳು. "ಗುಳಿಗಿ ಗೋಕಾಕದ ಮನಸ್ಸಿನ ಡಾಕ್ಟರು ಬರದು ಕೊಟ್ಟಿದ್ದು, ಅಕ್ಕಾ. ಎರಡ ವರ್ಷ ನಾನ ಬಸ್ಸಿನ್ಯಾಗ ಕರಕೊಂಡ ಹೋಗೇನಿ."

"ಅವ್ವಗ ಹುಚ್ಚಿತ್ತೇನು?"

"ಇಲ್ರಿ. ಏನೂ ಬಿಡಾಕ ಆಗದಿರೂದೂ ಒಂದು ಬ್ಯಾನಿ ಅಂದ್ರು. ಮಂದಿ ಬಂದು ಒಮ್ಮೆಲೆ ತಗದ್ರ ಹೆಚ್ಚಾಕ್ಕೈತಿ. ದಿನಕ್ಕೊಂದ ಸಾಮಾನ, ತನ್ನ ಕೈಲೇನ ಹೊರಗಿಡಬೇಕು. ಒಂದ ಡಬ್ಬಿ ಹಿಡಕೊಂಡು ಸಂಜಿತನಕ ಬಾಗಿಲ ಹೊಚ್ಚಲದಾಗ ಕುಂತಿರ್ತಿದ್ಲು ಆಯಿ."

ಸುವರ್ಣಾ ಚೀಟಿಯನ್ನು ಎರಡು ಸಲ ಓದಿದಳು. ಅವ್ವನ ಹೆಸರೇ. ತಾರೀಖುಗಳೂ ಸಾಲಾಗಿದ್ದವು.

"ನನಗ್ಯಾಕ ಹೇಳಲಿಲ್ಲ?"

ಶಿವಾನಿ ನೆಲ ನೋಡಿದಳು. "ಹೊರಸಿನತನಕ ದಾರಿ ಆದಮ್ಯಾಲ ಮಗಳನ್ನ ಕರಸ್ತೇನಿ ಅಂತಿದ್ಲು. ಅಲ್ಲಿತನಕ ಹೇಳಬ್ಯಾಡ, ಮತ್ತ ಟ್ರ್ಯಾಲಿ ತರ್ತಾಳ ಅಂದಿದ್ಲು."

ಸುವರ್ಣಾ ಆ ದಾರಿಯಲ್ಲಿ ನಡೆದು ಹೋದಳು. ಸೀರೆಯ ಸೆರಗು ಎಲ್ಲಿಯೂ ತಾಗಲಿಲ್ಲ. ಅವ್ವನ ಬಾಯಿಗೆ ನೀರು ಬಿಟ್ಟಳು.

ಕಂಬಳಿಯಲ್ಲಿ ಮಲಗಿಸಿ, ಮುಂದೊಬ್ಬ ಹಿಂದೊಬ್ಬ ಹಿಡಿದು ಹೊರಟರು. ಲಕ್ಷ್ಮಣನ ಭುಜ ತಾಗಿ ಬಾಟಲಿಯೊಂದು ಉರುಳಿತು. ಅವನು ಅದನ್ನು ಕಾಲಿನಿಂದ ಅಂಗಳಕ್ಕೆ ಸರಿಸಲು ನೋಡಿದ.

"ಬ್ಯಾಡ," ಎಂದು ಸುವರ್ಣಾ ಬಾಗಿ ಎತ್ತಿಕೊಂಡಳು.

ಒಟ್ಟಿದ್ದ ಡಬ್ಬಿಯೊಂದರ ಮೇಲಿನ ಧೂಳಿನ ನಡುವೆ ಬಾಟಲಿ ಕೂತಿದ್ದ ಜಾಗ ದುಂಡಗೆ, ಸ್ವಚ್ಛವಾಗಿ ಕಾಣುತ್ತಿತ್ತು. ಅದರ ತಳವನ್ನು ಆ ಗುರುತಿಗೆ ಸರಿಯಾಗಿ ಹೊಂದಿಸಿ ಇಟ್ಟು, ಅವಳು ಅವ್ವನ ಹಿಂದೆ ನಡೆದಳು.