ಓಗೊಟ್ ಯಾಕೆ ಬರಲಿಲ್ಲ

ಉತ್ತರ ಧ್ರುವದ ಹತ್ತಿರದ ಟ್ರೊಮ್ಸೊ ಊರಿನಲ್ಲಿ ಹುಟ್ಟಿ ಬೆಳೆದವರು ಯಾರೂ ದುಡ್ಡು ಕೊಟ್ಟು ರಾತ್ರಿಯ ಆಕಾಶದಲ್ಲಿ ಮೂಡುವ ಉತ್ತರದ ಬೆಳಕು ನೋಡಲು ಹೋಗುವುದಿಲ್ಲ. ಕಸದ ಚೀಲ ಹಿಡಿದು ಹೊರಗೆ ಹೋದಾಗ ತಲೆಯ ಮೇಲೆ ಹಸಿರು ಬೆಳಕು ಕುಣಿಯುತ್ತಿದ್ದರೆ ಒಮ್ಮೆ ಕತ್ತೆತ್ತಿ ನೋಡುತ್ತಾರೆ, ಚಳಿಯನ್ನು ಬೈದುಕೊಂಡು ಒಳಗೆ ಬರುತ್ತಾರೆ, ಅಷ್ಟೆ. ಅದಕ್ಕೆಂದು ವ್ಯಾನು ಹತ್ತಿ ಗಂಟೆಗಟ್ಟಲೆ ಅಲೆಯುವುದು ಹೊರಗಿನವರ ಹುಚ್ಚು. ಹಾಗಾಗಿ ಹಾಲ್ದಿಸ್ ಆ ಪ್ರವಾಸಕ್ಕೆ ತನ್ನ ಹೆಸರು ಕೊಡುವಾಗ ದೂರದ ಬೆರ್ಗೆನ್ ಊರಿನವಳು ಎಂದು ಹೇಳಿಬಿಟ್ಟಳು. ಬೆರ್ಗೆನ್‌ಗೆ ಅವಳು ಜನ್ಮದಲ್ಲಿ ಒಂದೇ ಸಲ ಹೋಗಿದ್ದು, ಅದೂ ಯಾರದೋ ಮದುವೆಗೆ. ಇಡೀ ದಿನ ಮಳೆ ಹೊಡೆದು ಅವಳ ಒಳ್ಳೆಯ ಬೂಟು ಹಾಳಾಗಿತ್ತು.

ಅವಳಿಗೆ ಬೆಳಕು ಬೇಕಿರಲಿಲ್ಲ. ಬೇಕಿದ್ದದ್ದು ಆ ವ್ಯಾನು.

ಆಸ್ಪತ್ರೆಯ ಬಟ್ಟೆ ಒಗೆಯುವ ವಿಭಾಗದಲ್ಲಿ ದುಡಿದು ನಿವೃತ್ತಳಾದ ಹಾಲ್ದಿಸ್, ಅಕ್ಕ ಓಗೊಟ್ ಜತೆ ಮೂರನೆಯ ಮಹಡಿಯ ಮನೆಯಲ್ಲಿ ಇದ್ದವಳು. ಇಬ್ಬರಿಗೂ ಮದುವೆಯಾಗಿರಲಿಲ್ಲ. ಬೆಳಗಿನ ಕಾಫಿಯಿಂದ ರಾತ್ರಿಯ ಇಸ್ಪೀಟಿನವರೆಗೆ ಇಬ್ಬರ ಜಗಳ ನಿಲ್ಲುತ್ತಿರಲಿಲ್ಲ. ಈಸ್ಟರ್ ಹಬ್ಬಕ್ಕೆ ಮುಂಚೆ ಓಗೊಟ್ ಹೃದಯ ನಿಂತು ಹೋಗಿಬಿಟ್ಟಳು. ಮನೆ ಬಿಕೋ ಎಂದಿತು. ಈ ಊರಿನ ಜನ ಕೆಟ್ಟವರಲ್ಲ, ಆದರೆ ಕರೆಯದೆ ಬಾಗಿಲು ತಟ್ಟುವವರೂ ಅಲ್ಲ. ಹೂವು ತಂದರು, ಕಾಫಿ ಕುಡಿದರು, "ಏನಾದ್ರೂ ಬೇಕಿದ್ರೆ ಹೇಳಿ" ಎಂದು ಹೊರಟರು. ಹೇಳುವುದಾದರೂ ಹೇಗೆ? ಪಕ್ಕದ ಮನೆಗೆ ಹೋಗಿ ಸಕ್ಕರೆ ಕೇಳಬಹುದು. ಮಾತು ಬೇಕಿತ್ತು, ಒಂದು ಬಟ್ಟಲು ಕೊಡಿ ಎಂದು ಕೇಳಲಾಗುತ್ತದೆಯೇ?

ಎದುರುಗಡೆ ಒಂದು ಹೋಟೆಲು. ಚಳಿಗಾಲ ಬಂತೆಂದರೆ ದಿನಾ ಸಂಜೆ ಅದರ ಮುಂದೆ ಬಿಳಿ ವ್ಯಾನು ಬಂದು ನಿಲ್ಲುತ್ತಿತ್ತು. ಒಬ್ಬರಿಗೊಬ್ಬರು ಗುರುತಿಲ್ಲದ ಏಳೆಂಟು ಜನ ಟೋಪಿ, ಕೈಗವಸು ಹಾಕಿಕೊಂಡು ಒಳಗೆ ತೂರಿಕೊಳ್ಳುವರು. ಬಾಗಿಲು ಹಾಕಿದ ಸ್ವಲ್ಪ ಹೊತ್ತಿಗೆ ಅವರ ಉಸಿರಿಗೆ ಕಿಟಕಿ ಗಾಜೆಲ್ಲ ಮಬ್ಬಾಗುತ್ತಿತ್ತು. ಹಾಲ್ದಿಸ್ ಮೇಲಿನಿಂದ ಇದನ್ನು ನೋಡಿ ನೋಡಿ ಹೊಟ್ಟೆ ಉರಿಸಿಕೊಂಡಳು. ಆ ಮಬ್ಬು ಗಾಜಿನ ಒಳಗೆ, ಯಾರದೋ ಭುಜಕ್ಕೆ ಭುಜ ತಾಗಿಸಿಕೊಂಡು, ಒಂದು ಸಲ ಕೂತು ಬರಬೇಕು ಅನ್ನಿಸಿತು.

ಜನವರಿಯ ಒಂದು ಸಂಜೆ ಅವಳು ಹಿಂದಿನ ಬೀದಿಯಿಂದ ಸುತ್ತು ಹಾಕಿಕೊಂಡು ಹೋಗಿ, ಕಳ್ಳಿಯ ಹಾಗೆ ಹೋಟೆಲಿನ ಬಾಗಿಲಲ್ಲಿ ನಿಂತಳು. ಕೆಂಪು ಗಡ್ಡದ ಮಾರ್ಗದರ್ಶಿ ಹೆಸರು ಕೂಗುತ್ತಿದ್ದ. ಅವನ ಹೆಸರು ಸಿಂಡ್ರೆ, ಇದೇ ಊರಿನವನು.

"ಹಾಲ್ದಿಸ್? ಬೆರ್ಗೆನ್‌ನವರಾ?"

"ಹ್ಞೂಂ, ನಾನೇ."

ಅವನು ಹುಬ್ಬೇರಿಸಿದ. "ಮಾತು ಕೇಳಿದ್ರೆ ನಮ್ಮೋರ ಥರಾನೇ ಇದೆಯಲ್ಲ?"

ಹಾಲ್ದಿಸ್ ಟೋಪಿಯನ್ನು ಹಣೆಯ ಮೇಲಕ್ಕೆ ಎಳೆದುಕೊಂಡಳು. "ಹುಟ್ಟಿದ್ದು ಇಲ್ಲೇ. ಬೆರ್ಗೆನ್‌ಗೆ ಮದ್ವೆಯಾಗಿ ಹೋದೆ. ಈಗ ಅಕ್ಕನ್ನ ನೋಡ್ಕೊಂಡು ಹೋಗೋಣ ಅಂತ ಬಂದಿದೀನಿ. ಅಗೋ, ಆ ಮೂರನೇ ಮಹಡೀಲಿ ಇದಾಳೆ."

ಎಲ್ಲಿತ್ತೋ ಆ ಸುಳ್ಳು, ಸೀದಾ ನಾಲಿಗೆಗೆ ಬಂದಿತ್ತು. ಹೇಳಿದ ಮೇಲೆ ಅವಳಿಗೆ ನಾಚಿಕೆಯಾಗಬೇಕಿತ್ತು. ಆಗಲಿಲ್ಲ. ಇದಾಳೆ ಎಂದಿದ್ದೇ ತಡ, ಎದೆಯ ಮೇಲಿನ ಕಲ್ಲೊಂದು ಅತ್ತ ಸರಿದಂತಾಯಿತು.

ವ್ಯಾನಿನಲ್ಲಿ ಅವಳ ಪಕ್ಕ ಕೂತವಳು ಪೋರ್ಚುಗಲ್ ದೇಶದ ಗ್ರಾಸಾ. ದುಂಡಗಿನ ಹೆಂಗಸು, ಬಾಯಿ ಬಿಟ್ಟರೆ ಮುಚ್ಚುವವಳಲ್ಲ. ವ್ಯಾನಿನ ಮಾತೆಲ್ಲ ಇಂಗ್ಲಿಷಿನಲ್ಲಿ. ಹಾಲ್ದಿಸಳದು ಟೀವಿ ನೋಡಿ ಕಲಿತ ಇಂಗ್ಲಿಷು, ಆದರೂ ಸಾಲದೆ ಹೋಗಲಿಲ್ಲ.

"ಅಕ್ಕ ಇಲ್ಲೇ ಇದಾರೆ ಅಂತೀರಿ, ಮತ್ತೆ ಅವರನ್ನ ಯಾಕ್ರೀ ಕರ್ಕೊಂಡು ಬರ್ಲಿಲ್ಲ?" ಎಂದಳು ಗ್ರಾಸಾ.

"ಓಗೊಟ್‌ನಾ? ಕರೆದೆ ತಾಯೀ. 'ಆಕಾಶ ನೋಡೋಕೆ ದುಡ್ಡಾ? ನಾಳೆ ಉಸಿರಾಡೋಕೂ ಟಿಕೆಟ್ ತಗೋ, ಕೋಡಂಗಿ' ಅಂದ್ಲು."

ಗ್ರಾಸಾ ಹೊಟ್ಟೆ ಹಿಡಿದುಕೊಂಡು ನಕ್ಕಳು. ಅವಳ ಭುಜ ಹಾಲ್ದಿಸಳ ಭುಜಕ್ಕೆ ಒತ್ತಿ ಕುಲುಕಿತು. ಮುಂದಿನ ಸೀಟಿನವರು ಏನು ಏನು ಎಂದು ತಿರುಗಿದರು. ಗ್ರಾಸಾ ಅದನ್ನು ಎಲ್ಲರಿಗೂ ಹೇಳಿದಳು. ವ್ಯಾನೆಲ್ಲ ನಕ್ಕಿತು. ಸಿಂಡ್ರೆ ಸ್ಟೀರಿಂಗ್ ತಟ್ಟಿ, "ನಮ್ಮಮ್ಮನೂ ಡಿಟ್ಟೋ ಹಿಂಗೇ ಬೈಯ್ಯೋದು" ಎಂದ.

ಅಲ್ಲಿಂದ ಶುರುವಾಯಿತು ನೋಡಿ. ಊರಿನ ಮೇಲೆ ಮೋಡ ಕವಿದಿದ್ದರಿಂದ ಸಿಂಡ್ರೆ ಫಿನ್‌ಲ್ಯಾಂಡ್ ಗಡಿಯ ಕಡೆಗೆ ಗಾಡಿ ಓಡಿಸಿದ. ದಾರಿಯುದ್ದಕ್ಕೂ ಹಾಲ್ದಿಸ್ ಅಕ್ಕನ ಬಗ್ಗೆ ಮಾತಾಡಿದ್ದೇ ಮಾತಾಡಿದ್ದು. ಓಗೊಟ್ ಇಸ್ಪೀಟಿನಲ್ಲಿ ಎಲೆಯನ್ನು ಕಾಲಡಿ ಹಾಕಿಕೊಳ್ಳುವುದು, ಹವಾಮಾನ ಹೇಳುವವನಿಗೆ ಟೀವಿ ಎದುರು ನಿಂತೇ ಛೀಮಾರಿ ಹಾಕುವುದು, ಪಾದ್ರಿಗೆ ತಿರುಗಿ ಉತ್ತರ ಕೊಟ್ಟಿದ್ದು. ಮೊದಮೊದಲು ಓಗೊಟ್ ನಿಜವಾಗಿ ಆಡಿದ ಮಾತುಗಳನ್ನೇ ಹೇಳಿದಳು. ಆಮೇಲಾಮೇಲೆ ಅಕ್ಕ ಎಂದೂ ಆಡದ ಮಾತುಗಳೂ ಅಕ್ಕನ ಹೆಸರಿನಲ್ಲೇ ಬಂದವು, ಅದೂ ಒಂದಕ್ಕಿಂತ ಒಂದು ಖಾರವಾಗಿ. ಇಷ್ಟು ತಿಂಗಳಿಂದ ಬಾಯಿಗೆ ಬೀಗ ಹಾಕಿಕೊಂಡಿದ್ದ ಹೆಂಗಸು, ಒಳಗೆ ಇಷ್ಟೆಲ್ಲ ಕೂಡಿಟ್ಟುಕೊಂಡಿದ್ದಳು ಎಂದು ಅವಳಿಗೇ ಗೊತ್ತಿರಲಿಲ್ಲ.

ಹೆಪ್ಪುಗಟ್ಟಿದ ಕೆರೆಯೊಂದರ ಬಳಿ ಸಿಂಡ್ರೆ ವ್ಯಾನು ನಿಲ್ಲಿಸಿದ. ಎಲ್ಲರಿಗೂ ಕಂಪನಿಯ ದಪ್ಪ ಉಡುಪು ತೊಡಿಸಿದ. ಹಿಮಸಾರಂಗದ ಚರ್ಮ ಹಾಸಿ, ಬೆಂಕಿ ಹಾಕಿ, ಬಿಸಿಬಿಸಿ ಮೀನಿನ ಸಾರು ಬಡಿಸಿದ. ಉವೆ ಎಂಬ ಜರ್ಮನಿಯವನು ಕ್ಯಾಮೆರಾದ ಮುಕ್ಕಾಲಿ ಹೊತ್ತುಕೊಂಡು ಕೆರೆಯ ಮೇಲೆ ನಡೆದವನೇ ಜಾರಿ ಧೊಪ್ಪನೆ ಬಿದ್ದ. ಎದ್ದು ಮಂಜು ಕೊಡವಿಕೊಳ್ಳುತ್ತಾ ಅವನೇ ಕೂಗಿದ:

"ಹಾಲ್ದಿಸ್, ಇದಕ್ಕೆ ಓಗೊಟ್ ಏನಂತಾರೆ?"

"'ಅದಕ್ಕೆ ಮೂರು ಕಾಲು, ನಿಂಗೆ ಎರಡು. ಐದಿದ್ರೂ ನೆಟ್ಟಗೆ ನಿಂತ್ಕೊಳ್ಳೋಕೆ ಬರ್ಲಿಲ್ವಲ್ಲೋ!' ಅಂತಾಳೆ."

ಅಲ್ಲಿಗೆ ಓಗೊಟ್ ಎಲ್ಲರ ಅಕ್ಕನಾದಳು. ಸಾರಿಗೆ ಉಪ್ಪು ಕಡಿಮೆಯಾದರೆ ಓಗೊಟ್ ಏನಂತಾರೆ, ಮೋಡ ಸರಿಯದಿದ್ದರೆ ಓಗೊಟ್ ಏನಂತಾರೆ. ಹಾಲ್ದಿಸ್ ಸಾರಿನ ಬಟ್ಟಲನ್ನು ಎರಡು ಕೈಯಲ್ಲಿ ಹಿಡಿದು ಬೆಂಕಿಯ ಸುತ್ತಲಿನ ಮುಖಗಳನ್ನೇ ನೋಡಿದಳು. ಅಕ್ಕನ ಶವ ಹೂಳಿದ ದಿನವೂ ಅವಳ ಬಗ್ಗೆ ಯಾರೂ ಇಷ್ಟು ಮಾತಾಡಿರಲಿಲ್ಲ.

ಆಗ ಬೆಟ್ಟದ ಹಿಂದೆ ಮೋಡ ಒಡೆಯಿತು.

"ಹಾಲ್ದಿಸ್! ನೋಡ್ರೀ! ಅಯ್ಯೋ ನೋಡ್ರೀ ಅಲ್ಲಿ!" ಗ್ರಾಸಾ ಅವಳ ತೋಳು ಹಿಡಿದು ಜಗ್ಗಿದಳು. ಹಸಿರು ಬೆಳಕು ಒಂದು ಕಡೆಯಿಂದ ಇನ್ನೊಂದು ಕಡೆಗೆ ಹರಡಿತು, ಮಡಚಿತು, ಅಂಚಿನಲ್ಲಿ ಕೆಂಪಾಯಿತು. ಉವೆ ಮುಕ್ಕಾಲಿ ಮರೆತು ಬಾಯಿ ತೆರೆದು ನಿಂತ. ಗ್ರಾಸಾ ಗಳಗಳ ಅಳುತ್ತಾ ನಗುತ್ತಿದ್ದಳು. ಹಾಲ್ದಿಸ್ ತನ್ನ ತೋಳು ಹಿಡಿದಿದ್ದ ಆ ಕೈಯನ್ನು ಬಿಗಿಯಾಗಿ ಹಿಡಿದುಕೊಂಡಳು. ಬೆಳಕು ಕಂಡದ್ದಕ್ಕಲ್ಲ. ಈ ಚಳಿಗಾಲವೂ ಬೆಳಕು ಅವಳ ಅಡುಗೆಮನೆಯ ಕಿಟಕಿಯಲ್ಲಿ ಎಷ್ಟೋ ಸಲ ಬಂದು ಹೋಗಿತ್ತು. ನೋಡು ಎಂದು ತೋಳು ಜಗ್ಗುವವರು ಇರಲಿಲ್ಲ, ಅದಕ್ಕೇ ಅವಳು ನೋಡಿರಲಿಲ್ಲ.

ವಾಪಸು ಬರುವಾಗ ಅರ್ಧಕ್ಕರ್ಧ ಜನ ನಿದ್ದೆ ಹೋದರು. ಗ್ರಾಸಾ ಹಾಲ್ದಿಸಳ ಭುಜಕ್ಕೇ ಒರಗಿ ಗೊರಕೆ ಹೊಡೆದಳು. ಭುಜ ಮರಗಟ್ಟಿದರೂ ಹಾಲ್ದಿಸ್ ಅಲುಗಾಡಲಿಲ್ಲ. ಇನ್ನು ಸ್ವಲ್ಪ ಹೊತ್ತು, ವ್ಯಾನಿನಿಂದ ಇಳಿದರೆ ಮುಗಿಯಿತು, ಇವರ ಪಾಲಿಗೆ ಓಗೊಟ್ ಜೀವಂತವಾಗಿಯೇ ಇದ್ದುಬಿಡುತ್ತಾಳೆ, ಪೋರ್ಚುಗಲ್ಲಿನಲ್ಲಿ, ಜರ್ಮನಿಯಲ್ಲಿ. ಅದೊಂದು ಉಳಿದರೆ ಸಾಕು ಎಂದುಕೊಂಡಳು. ಈಗ ಸುಳ್ಳು ಬಯಲಾದರೆ ತಾನು ಹುಚ್ಚು ಮುದುಕಿ ಅನ್ನಿಸಿಕೊಳ್ಳುವುದು ಹಾಗಿರಲಿ, ಅಕ್ಕ ಇನ್ನೊಂದು ಸಲ ಸಾಯುತ್ತಾಳೆ. ಒಂದು ಸಲ ನೋಡಿದ್ದೇ ಅವಳಿಗೆ ಸಾಕಾಗಿತ್ತು.

ಹೋಟೆಲಿನ ಮುಂದೆ ವ್ಯಾನು ನಿಂತಿತು. ಸಿಂಡ್ರೆ ಹಿಂದಕ್ಕೆ ತಿರುಗಿದ. "ನಾಳೆ ಎರಡು ಸೀಟು ಖಾಲಿ ಇದೆ. ಹಾಲ್ದಿಸ್, ನೀವೂ ನಿಮ್ಮಕ್ಕನೂ ಸುಮ್ನೆ ಬಂದ್ಬಿಡಿ, ನನ್ನ ಲೆಕ್ಕದಲ್ಲಿ. ದುಡ್ಡು ಅಂತ ಬೈಯ್ಯೋಕೆ ಅವರಿಗೆ ದಾರೀನೇ ಇರಲ್ಲ."

"ಭೇಷ್!" ಎಂದು ಗ್ರಾಸಾ ನೆಟ್ಟಗೆ ಎದ್ದು ಕೂತಳು. "ನಾನೂ ನಾಳೆ ಇದೇ ಗಾಡೀಲಿ ಇನ್ನೊಂದು ಸಲ ಬರ್ತಿದೀನಿ. ಓಗೊಟ್ ಬರ್ಲೇಬೇಕು."

"ಅವಳು ಬರಲ್ಲ ಬಿಡಿ," ಎಂದಳು ಹಾಲ್ದಿಸ್.

"ನೀವು ಕರೆದ್ರೆ ಬರಲ್ಲ. ನಾನು ಕರೀತೀನಿ. ಮನೆ ಇದೇ ತಾನೇ? ಎರಡು ನಿಮಿಷ ಮೇಲೆ ಬಂದು, ಕಾಲು ಹಿಡಿದಾದ್ರೂ ಒಪ್ಪಿಸ್ತೀನಿ."

ಗ್ರಾಸಾ ಆಗಲೇ ಒಂದು ಕಾಲು ಕೆಳಗಿಟ್ಟಿದ್ದಳು. ಸಿಂಡ್ರೆ ತಲೆಯೆತ್ತಿ ಎದುರಿನ ಕಟ್ಟಡ ನೋಡಿದ. ಆ ಊರಿನಲ್ಲಿ ಸೂರ್ಯ ಮೂಡದ ಕತ್ತಲ ತಿಂಗಳುಗಳಲ್ಲಿ ಪ್ರತಿ ಕಿಟಕಿಯಲ್ಲೂ ಒಂದು ದೀಪ ಇಟ್ಟಿರುತ್ತಾರೆ, ಮನೆಯಲ್ಲಿ ಜನ ಇದ್ದರಂತೂ ಇದ್ದೇ ಇರುತ್ತದೆ. ಮೂರನೆಯ ಮಹಡಿಯ ಕಿಟಕಿ ಮಾತ್ರ ಕಪ್ಪಗಿತ್ತು. ಅವನು ಹಾಲ್ದಿಸಳ ಮುಖ ನೋಡಿದ. ಅವನಿಗೆ ಏನೋ ಹೊಳೆದಿರಬೇಕು.

"ಬೇಡ ಗ್ರಾಸಾ, ಬಿಡಿ. ಮಲಗಿಬಿಟ್ಟಿರ್ತಾರೆ ಪಾಪ," ಎಂದ ಮೆಲ್ಲಗೆ.

ಅಷ್ಟಕ್ಕೇ ಹೌದು ಅಂದಿದ್ದರೆ ಮುಗಿದುಹೋಗುತ್ತಿತ್ತು. ಆದರೆ ಆ ಹುಡುಗನ ದನಿಯಲ್ಲಿ ಕನಿಕರ ಕಂಡದ್ದೇ ಹಾಲ್ದಿಸಳಿಗೆ ಮೈಯೆಲ್ಲ ಉರಿಯಿತು. ಹೂವು ತಂದವರ ದನಿಯಲ್ಲಿ ಇದ್ದದ್ದೂ ಇದೇ ಕನಿಕರ.

"ಮಲಗೋದಾ? ಓಗೊಟ್? ನಾನು ಬರೋ ತನಕ ಕತ್ತಲಲ್ಲಿ ಕೂತು ಕರೆಂಟು ಉಳಿಸ್ತಿರ್ತಾಳೆ ಆ ಜಿಪುಣಿ," ಎಂದು ನಕ್ಕಳು. "ಮೇಲೆ ಬರ್ಬೇಡಿ, ರಾತ್ರಿ ಉಡುಪಿನಲ್ಲಿರ್ತಾಳೆ, ನಾಚ್ಕೋತಾಳೆ. ಕಿಟಕಿಗೆ ಕಳಿಸ್ತೀನಿ. ಇಲ್ಲಿಂದಲೇ ಕೇಳ್ಕೊಳ್ಳಿ."

ಬಿರಬಿರನೆ ಮೆಟ್ಟಿಲು ಹತ್ತಿದಳು. ಇದೆಂಥ ಹುಚ್ಚಾಟ ಎಂದು ತನ್ನನ್ನು ತಾನೇ ಬೈದುಕೊಂಡಳು. ಬಾಗಿಲು ತೆಗೆದು, ಕೋಟು ಟೋಪಿ ಕಿತ್ತೆಸೆದು, ಕತ್ತಲಲ್ಲೇ ಓಗೊಟ್ ಕೋಣೆಗೆ ಹೋಗಿ ಅವಳ ಉಣ್ಣೆಯ ಗೌನು ತೊಟ್ಟಳು. ತೋಳು ಉದ್ದವಾಯಿತು. ಮಡಚಿಕೊಂಡಳು. ಕೂದಲು ಬಿಚ್ಚಿ ಮುಂದಕ್ಕೆ ಎಳೆದುಕೊಂಡಳು. ಅಕ್ಕತಂಗಿಯರ ಮೈಕಟ್ಟು ಹೆಚ್ಚುಕಡಿಮೆ ಒಂದೇ, ಅಷ್ಟು ಕೆಳಗಿನಿಂದ ಯಾರಿಗೂ ಬೇರೆ ಎಂದು ಗೊತ್ತಾಗದು. ದೀಪ ಹಾಕಿ, ಕಿಟಕಿ ತೆರೆದು ನಿಂತಳು. ಚಳಿ ಮುಖಕ್ಕೆ ರಪ್ಪನೆ ಹೊಡೆಯಿತು.

ಕೆಳಗೆ ಹೋ ಎಂದು ಗದ್ದಲವೆದ್ದಿತು. ಎಲ್ಲರೂ ವ್ಯಾನಿನಿಂದ ಇಳಿದಿದ್ದರು, ನಿದ್ದೆಯಲ್ಲಿದ್ದವರು ಸಮೇತ.

"ಓಗೊಟ್! ನಾಳೆ ಬರ್ತೀರಾ?" ಗ್ರಾಸಾ ಎರಡೂ ಕೈ ಎತ್ತಿ ಕೂಗಿದಳು.

ಓಗೊಟ್ ಏನು ಮಾಡುತ್ತಿದ್ದಳೋ ಅದನ್ನೇ ಮಾಡಿದಳು. ಸೊಂಟದ ಮೇಲೆ ಕೈಯಿಟ್ಟು ತಲೆಯನ್ನು ಜೋರಾಗಿ ಆಡಿಸಿದಳು. "ಆಗಲ್ಲ ಹೋಗ್ರೇ! ಮನೆಗೋಗಿ ಮಲಕ್ಕೊಳ್ರೇ, ಹುಚ್ಚುಮುಂಡೇವಾ!" ಬಂದದ್ದು ಅಕ್ಕನ ದನಿಯೇ, ಅದೇ ಒಡಕು, ಅದೇ ಗದರಿಕೆ. ಕೆಳಗಿನವರು ಚಪ್ಪಾಳೆ ಹೊಡೆದರು. ಉವೆ ಟೋಪಿ ತೆಗೆದು ಬಗ್ಗಿ ನಮಸ್ಕರಿಸಿದ. ಸಿಂಡ್ರೆಯ ಮುಖ ಅರಳಿತು. ತಾನು ಏನೇನೋ ಕಲ್ಪಿಸಿಕೊಂಡೆ ಎಂದು ತಲೆ ಕೆರೆದುಕೊಂಡು, ಹಗುರಾಗಿ ನಕ್ಕ.

ಗೆದ್ದೆ ಎಂದುಕೊಂಡಳು ಹಾಲ್ದಿಸ್. ಕಿಟಕಿ ಮುಚ್ಚಲು ಕೈ ಚಾಚಿದಳು.

"ಇರಿ, ಇರಿ!" ಗ್ರಾಸಾ ಫೋನು ಎತ್ತಿ ಹಿಡಿದಿದ್ದಳು. "ಒಂದು ಫೋಟೋ! ಇಬ್ರೂ ನಿಂತ್ಕೊಳ್ಳಿ. ಹಾಲ್ದಿಸ್‌ನ ಕರೀರಿ! ಅಕ್ಕತಂಗಿ ಇಬ್ರೂ ಒಟ್ಟಿಗೆ!"

ಚೌಕಟ್ಟಿನ ಮೇಲೆ ಅವಳ ಕೈ ಹಾಗೇ ನಿಂತಿತು. ಕೆಳಗೆ ಎಂಟು ಮುಖಗಳು ಮೇಲೆ ನೋಡುತ್ತಿದ್ದವು. ಏನಾದರೂ ಮಾಡಲೇಬೇಕಿತ್ತು. ಅವಳು ಕತ್ತು ಹೊರಳಿಸಿ, ಖಾಲಿ ಮನೆಯ ಒಳಗೆ ಜೋರಾಗಿ ಕೂಗಿದಳು.

"ಹಾಲ್ದಿಸ್! ಲೇ ಹಾಲ್ದಿಸ್, ಬಾರೇ ಇಲ್ಲಿ, ನಿನ್ನ ಕರೀತಿದಾರೆ!"

ಆ ಮನೆಯಲ್ಲಿ ಅವಳ ಹೆಸರು ಹಿಡಿದು ಯಾರೂ ಕೂಗಿ ಎಷ್ಟು ಕಾಲವಾಗಿತ್ತು! ಹೆಸರು ಅಡುಗೆಮನೆಗೆ ಹೋಯಿತು, ಓಗೊಟ್ ಕೋಣೆಗೆ ಹೋಯಿತು. ಅವಳು ಕಿವಿಗೊಟ್ಟು ನಿಂತಳು. ಒಳಗಿನಿಂದ ಯಾರೂ ಬರಲಿಲ್ಲ.

ಫೋಟೋ, ಫೋಟೋ ಎಂದು ಕೆಳಗೆ ಕೂಗುತ್ತಲೇ ಇದ್ದರು.

"ಬಂದೆ ಇರೇ ಅಕ್ಕಾ," ಎಂದಳು ಹಾಲ್ದಿಸ್ ತನ್ನದೇ ದನಿಯಲ್ಲಿ, ಕಿಟಕಿಯಿಂದ ಅಲುಗದೆ, ಕೆಳಗಿನ ಯಾರಿಗೂ ಕೇಳಿಸದಷ್ಟು ಮೆಲ್ಲಗೆ.