ಆಯುಧಪೂಜೆಯವರೆಗೆ ಒಂದು ಜೀಪು

ಗುರುಸಿದ್ದನಿಗೆ ಗಾಡಿ ಓಡಿಸಲು ಬರುತ್ತಿರಲಿಲ್ಲ. ಆದರೂ ೧೯೯೮ರ ಸಂಕ್ರಾಂತಿ ಮುಗಿದ ವಾರ, ಮಿಲಿಟರಿಯವರು ಹರಾಜು ಹಾಕಿದ್ದ ಅರವತ್ತೆರಡರ ಮಾಡೆಲ್ ಜೀಪೊಂದನ್ನು ಲಾರಿಗೆ ಕಟ್ಟಿಸಿಕೊಂಡು ಜೆ.ಪಿ. ನಗರದ ಬಾಡಿಗೆ ಮನೆಗೆ ಎಳೆತಂದ. ಚಿಕ್ಕಂದಿನಲ್ಲಿ ಬಾದಾಮಿಗೆ ಬರುತ್ತಿದ್ದ ಸರ್ವೆ ಜೀಪನ್ನು ಮುಟ್ಟಿದರೆ ಡ್ರೈವರ್ ಬೈಯುತ್ತಿದ್ದ. ಇದನ್ನು ಮುಟ್ಟಿದರೆ ಕೇಳುವವರಿಲ್ಲ ಎಂದುಕೊಂಡಿದ್ದ.

ಮನೆ ಮಾಲೀಕ ರಾಮಪ್ರಸಾದರು ಕೇಳಿದರು. ರಿಟೈರಾದ ಮೇಷ್ಟ್ರು.

"ಏನ್ರೀ ಇದು, ಗಾಡಿಯೋ ಗುಜರಿಯೋ?"

"ಜೀಪ್ ಐತ್ರಿ ಸರ. ರಿಪೇರಿ ಮಾಡಿದ್ರ ಓಡತೈತಿ."

"ಆಯುಧಪೂಜೆವರೆಗೂ ಟೈಮ್ ಕೊಡ್ತೀನಿ. ಅವತ್ತು ಅದಾಗೇ ಅಲ್ಲಾಡದಿದ್ರೆ ಮಾರನೇ ದಿನ ಗುಜರಿಯವನನ್ನ ನಾನೇ ಕರೀತೀನಿ."

ಭಾನುವಾರಗಳೆಲ್ಲ ಜೀಪಿಗೆ ಹೋದವು. ಸಾರಕ್ಕಿಯ ಮೆಕ್ಯಾನಿಕ್ ಪಾಪಯ್ಯ ಹೇಳಿಕೊಟ್ಟ, ಗುರುಸಿದ್ದ ಬಿಚ್ಚಿದ. ಇಂಜಿನ್ನಿನದು, ಬಾಡಿಯದು ಎನ್ನದೆ ಬೋಲ್ಟುಗಳನ್ನೆಲ್ಲ ತೊಳೆಯಲು ಒಂದೇ ಸೀಮೆಎಣ್ಣೆ ಬಕೆಟ್ಟಿಗೆ ಸುರಿದಿದ್ದ. ಪಾಪಯ್ಯ ಹಣೆ ಚಚ್ಚಿಕೊಂಡ. "ಇದೇನು ಚಿತ್ರಾನ್ನನಾ ಸಾರ್, ಎಲ್ಲಾ ಕಲಸಿಬಿಡೋಕೆ?"

ಕೊನೆಗೆ ರಾಮಪ್ರಸಾದರ ಹೆಂಡತಿ ಅಮ್ಮಣ್ಣಿ ಮೊರ ತಂದು, ಅಕ್ಕಿ ಆರಿಸುವ ಹಾಗೆ ಬೋಲ್ಟು ಆರಿಸಿಕೊಟ್ಟರು. ಮೂರು ಭಾನುವಾರ ಹಿಡಿಯಿತು. ನಡುವೆ ಗುರುಸಿದ್ದ ಬನಶಂಕರಿಯ ಡ್ರೈವಿಂಗ್ ಸ್ಕೂಲಿಗೆ ಸೇರಿ, ಅವರ ಪುಟ್ಟ ಕಾರಿನಲ್ಲಿ ಕಲಿತು ಲೈಸೆನ್ಸ್ ಪಡೆದ.

ಪೂಜೆಯ ಹಿಂದಿನ ಸಂಜೆ ಇಂಜಿನ್ ಸ್ಟಾರ್ಟ್ ಆಯಿತು. "ಗೇರ್ ಬೇರೆ ಥರ ಇದೆ ಸಾರ್. ನಾಳೆ ಅಂಗಡಿ ಪೂಜೆ ಮುಗಿಸಿ ಬಂದು ತೋರಿಸ್ತೀನಿ, ಅಲ್ಲಿವರೆಗೂ ಮುಟ್ಬೇಡಿ," ಎಂದು ಹೇಳಿ ಪಾಪಯ್ಯ ಹೋದ.

ಮರುದಿನ ಜೀಪಿಗೆ ಚೆಂಡುಹೂವಿನ ಹಾರ ಬಿತ್ತು. ನಾಲ್ಕೂ ಚಕ್ರದ ಮುಂದೆ ಕುಂಕುಮ ಸವರಿದ ನಿಂಬೆಹಣ್ಣು ಕೂತವು. ಪಾಪಯ್ಯನ ಸುಳಿವಿಲ್ಲ.

"ಇನ್ನೈದು ನಿಮಿಷಕ್ಕೆ ರಾಹುಕಾಲ," ಎಂದರು ರಾಮಪ್ರಸಾದರು, ವಾಚು ನೋಡುತ್ತ.

ಗುರುಸಿದ್ದ ಹತ್ತಿ ಕೂತ. ಸ್ಕೂಲಿನ ಕಾರಿನಲ್ಲಿ ಕಲಿತಂತೆ ಗೇರನ್ನು ಎಡಕ್ಕೆಳೆದು ಮುಂದಕ್ಕೆ ತಳ್ಳಿದ. ಆ ಹಳೇ ಜೀಪಿನಲ್ಲಿ ಅದು ಫಸ್ಟ್ ಅಲ್ಲ, ರಿವರ್ಸ್. ಜೀಪು ಮೂರಡಿ ಹಿಂದಕ್ಕೆ ಹಾರಿ, ಅಮ್ಮಣ್ಣಿಯವರ ದಾಸವಾಳದ ಕುಂಡಗಳನ್ನು ಹತ್ತಿ, ಕಾಂಪೌಂಡಿಗೆ ಗುದ್ದಿ ನಿಂತಿತು. ನಿಂಬೆಹಣ್ಣುಗಳು ಇಟ್ಟಲ್ಲೇ ಇದ್ದವು.

"ಕರೀತೀನಿ ಗುಜರಿಯವನನ್ನ!"

"ಯಾಕೆ ಕರೀಬೇಕು?" ಅಮ್ಮಣ್ಣಿ ಮುರಿದ ಗಿಡ ಎತ್ತಿಕೊಂಡರು. "ಅದಾಗೇ ಅಲ್ಲಾಡ್ಬೇಕು ಅಂದ್ರಿ. ಅಲ್ಲಾಡ್ತಲ್ಲ."

"ಹಿಂದಕ್ಕೆ ಕಣೇ!"

"ಮುಂದಕ್ಕೆ ಅಂತ ನೀವೆಲ್ಲಿ ಹೇಳಿದ್ರಿ? ಗುರುಸಿದ್ದ, ಗಾಡಿ ತೆಗಿಯಪ್ಪ. ನನ್ನ ಗಿಡಾನೇ ಹೋಯ್ತು, ಒಂದು ರೌಂಡಾದ್ರೂ ಬರ್ತೀನಿ."

ಅವರು ಗುರುಸಿದ್ದನ ಪಕ್ಕದ ಸೀಟಿಗೇರಿದರು. ಗುರುಸಿದ್ದ ಈ ಸಲ ಗೇರನ್ನು ಹಿಂದಕ್ಕೆಳೆದ. ನಿಂಬೆಹಣ್ಣು ಒಂದೊಂದಾಗಿ ಪಚಪಚ ಎಂದವು. ಗೇಟಿನ ಹತ್ತಿರ ರಾಮಪ್ರಸಾದರೂ ಗೊಣಗುತ್ತಲೇ ಹಿಂದೆ ಹತ್ತಿಕೊಂಡರು. ಪುಟ್ಟೇನಹಳ್ಳಿ ಕೆರೆಯವರೆಗೆ ಹೋಗಿ ವಾಪಸು ಬಂದರು.

ಹೋದದ್ದು ಇಷ್ಟು: ಮೂರು ಕುಂಡ, ಕಾಂಪೌಂಡಿನ ಎಂಟು ಇಟ್ಟಿಗೆ, ಹಿಂದಿನ ಒಂದು ಲೈಟು, ರಾಮಪ್ರಸಾದರು ಪೂಜೆಗೆ ಉಟ್ಟು ಗ್ರೀಸು ಮೆತ್ತಿಸಿಕೊಂಡ ಒಂದು ರೇಷ್ಮೆ ಪಂಚೆ, ಬಕೆಟ್ಟಿನಲ್ಲಿ ಕೊನೆಗೂ ಸಿಗದ ಐದು ಬೋಲ್ಟು.